ಗುಂಡಕ್ಕನ ಬೋಳು ಮಗ್ಗುಲು

ನಮ್ಮ ಬಾಡಿಗೆ ಮನೆಯ ಓನರಮ್ಮನ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿತ್ತು, ಅದರ ಅಂಚಿಗೆ ಸದಾ ಹಸಿರು ಮೆತ್ತಿಕೊಂಡಿರುತ್ತಿತ್ತು. ಮಿಕ್ಕೆಲ್ಲ ಉಗುರುಗಳನ್ನು ಮೊಟಕಾಗಿ ಕತ್ತರಿಸಿಕೊಳ್ಳುತ್ತಿದ್ದ ಅವರು ಅದೊಂದನ್ನು ಮಾತ್ರ ಬಿಟ್ಟುಕೊಂಡಿದ್ದರು. ಮುದ್ದೆ ಕಟ್ಟುವಾಗ ಅಡ್ಡ ಬರುತ್ತದೆಂದು ಬೈದುಕೊಳ್ಳುತ್ತಲೇ ಬಿಟ್ಟುಕೊಂಡಿದ್ದರು. ತಾರಸಿಯ ಮೇಲಿನ ಕುಳ್ಳ ಗಿಡಗಳ ತುದಿ ಚಿವುಟಲು ಅವರಿಗೆ ಅದೇ ಆಯುಧ. "ಕತ್ರಿ ಹಾಕುದ್ರೆ ತುದಿ ಕೆಂಪಾಯ್ತದೆ ಕಣವ್ವ. ಉಗುರಾದ್ರೆ ಗಿಡಕ್ಕೆ ಗೊತ್ತೇ ಆಗಕಿಲ್ಲ" ಅನ್ನುತ್ತಿದ್ದರು.

ಮದುವೆಯಾದ ಹೊಸತರಲ್ಲಿ ನಾನೂ ನನ್ನ ಗಂಡನೂ ರಾಮನಗರದಲ್ಲಿ ಅವರ ಮನೆಯ ಕೆಳಭಾಗಕ್ಕೆ ಬಾಡಿಗೆಗೆ ಬಂದೆವು. ಗಂಡನಿಗೆ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮೇಲೆ ಓನರಮ್ಮ ಮತ್ತು ಅವರ ಯಜಮಾನರು, ಅವರ ಮೇಲೆ ತಾರಸಿ, ಎಲ್ಲರ ಮೇಲೂ ಓನರಮ್ಮನ ಬಾಯಿ. "ಮೋಟ್ರು ಆಫ್ ಮಾಡ್ರೋ, ಟ್ಯಾಂಕ್ ತುಂಬಿ ಸುರೀತಾ ಐತೆ!" ಎಂದು ಕೂಗಿದರೆ ನಮಗೆ ಬೆಳಗಾದಂತೆ. ಹಾಲಿನವನಿಗೆ, ಬೀದಿನಾಯಿಗೆ, ಟಿವಿಯಲ್ಲಿ ಅಳುವ ಸೊಸೆಗೆ, ಯಜಮಾನರಿಗೆ, ಎಲ್ಲರಿಗೂ ಒಂದೇ ಸಮನೆ ಬೈಗುಳದ ಪ್ರಸಾದ. ನಾನೋ ತದ್ವಿರುದ್ಧ. ಕನಕಪುರದ ನಮ್ಮಮ್ಮ, ಹೆಣ್ಣುಮಕ್ಕಳ ದನಿ ಹೊಸ್ತಿಲು ದಾಟಬಾರದು ಎಂದು ಹೇಳಿಯೇ ಬೆಳೆಸಿದ್ದಳು. ಗಂಡನ ಮೇಲೆ ಕೋಪ ಬಂದರೆ ಎರಡೆರಡು ದಿನ ಮುಖ ಊದಿಸಿಕೊಂಡು ಪಾತ್ರೆ ಕುಕ್ಕುತ್ತಿದ್ದೆ, ಅಷ್ಟೆ. ಓನರಮ್ಮ ಮಹಡಿಯಿಂದಲೇ ಕಂಡುಹಿಡಿಯುತ್ತಿದ್ದರು. "ಪಾತ್ರೆ ಏನ್ ತಪ್ಪು ಮಾಡೈತೆ ಮಗಾ? ಮಾಡಿರೋನ್ಗೆ ಹೇಳು!"

ಅವರಿಬ್ಬರೂ ಕೂಟಗಲ್ ಕಡೆಯವರು. ಆಯುಸ್ಸೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳುವಿಗೆ ಹಾಕಿದವರು. ವಯಸ್ಸಾಯಿತೆಂದು ತೋಟ ಗುತ್ತಿಗೆಗೆ ಕೊಟ್ಟು ರಾಮನಗರಕ್ಕೆ ಬಂದ ಮೇಲೆ ಓನರಮ್ಮನ ಕೈ ಸುಮ್ಮನಿರಲಿಲ್ಲ. ಹೈವೇ ಪಕ್ಕದ ನರ್ಸರಿಯಲ್ಲಿ ಒಂದು ಗುಂಡನೆಯ ಗಿಡ ಕಂಡಿತಂತೆ. ತಿಳಿಹಳದಿ ಬೆರೆತ ಹಸಿರು, ಬೀಸಣಿಗೆಯಂಥ ಎಲೆ, ಮೊಣಕಾಲೆತ್ತರ. ಥೂಜಾ ಜಾತಿಯ ಕುಳ್ಳ ಗಿಡ, ಜಾಸ್ತಿ ಬೆಳೆಯುವುದಿಲ್ಲ ಎಂದನಂತೆ ಮಾರುವವನು. ಅದನ್ನು ಎದೆಗವುಚಿಕೊಂಡು ಆಟೋದಲ್ಲಿ ತಂದರು. ಅದೇ ಗುಂಡಕ್ಕ. ಹಿಂದೆಯೇ ಜೂನಿಪರ್ ಬಂತು, ಸಣ್ಣ ಸೈಪ್ರಸ್ ಬಂತು, ಬಣ್ಣದ ಬಕೆಟ್‌ಗಳೂ ಸಿಮೆಂಟ್ ಕುಂಡಗಳೂ ಸಾಲಾಗಿ ಕೂತವು.

ಬೆಟ್ಟದ ಬಂಡೆಗಳೆಲ್ಲ ಕಾದು ನಮ್ಮೂರು ಹೆಂಚಾಗುವ ಬೇಸಿಗೆಯಲ್ಲಿ ತಂಪು ಸೀಮೆಯ ಈ ಗಿಡಗಳನ್ನು ಉಳಿಸುವುದು ಹುಡುಗಾಟವಲ್ಲ. ಹುಳು ಗೂಡು ಕಟ್ಟಲು ಬಿಡುತ್ತಿದ್ದ ಹಳೆಯ ಬಿದಿರಿನ ಚಂದ್ರಿಕೆಗಳನ್ನು ಊರಿಂದ ತರಿಸಿ, ಗಿಡಗಳ ಪಡುವಣಕ್ಕೆ ಓರೆಯಾಗಿ ನಿಲ್ಲಿಸಿ ನೆರಳು ಮಾಡಿದ್ದರು. ಮಣ್ಣಿಗೆ ದಪ್ಪ ಮರಳು, ಇಟ್ಟಿಗೆ ಚೂರು ಸೇರಿಸಿದ್ದರು. ಮಣ್ಣೊಳಗೆ ಬೆರಳು ಇಳಿಸಿ, ಒಣಗಿದ್ದರೆ ಮಾತ್ರ ನೀರು. ವಾರಕ್ಕೊಮ್ಮೆ ಪ್ರತಿ ಕುಂಡವನ್ನೂ ಕಾಲುಭಾಗ ತಿರುಗಿಸಬೇಕು. "ಬೆಳಕು ಕಾಣದ ಮಗ್ಗುಲು ಒಣಗೋಯ್ತದೆ. ಒಂದ್ಸಲ ಕಡ್ಡಿ ಬೋಳಾಯ್ತು ಅಂದ್ರೆ ಮುಗೀತು, ಆ ಜಾಗದಲ್ಲಿ ಇದು ಮತ್ತೆ ಚಿಗುರಕಿಲ್ಲ" ಎಂದು ನನಗೂ ಹೇಳಿಕೊಟ್ಟರು.

ಯಜಮಾನರಿಗೆ ಮಾತ್ರ ಇದು ಅರ್ಥವಾಗದ ಮಾತು. "ಹುಳಕ್ಕಿಲ್ಲ, ದನಕ್ಕಿಲ್ಲ, ದೇವ್ರ ತಲೆ ಮೇಲ್ಕೂ ಇಲ್ಲ. ಏನ್ ಗಿಡವೇ ಇದು?"

"ಅದ್ಕೇ ಇಟ್ಕಂಡಿರದು. ಹುಟ್ದಾಗ್ನಿಂದ ಸೊಪ್ಪು ಕುಯ್ದು ಕುಯ್ದು ಹಾಕಿವ್ನಿ. ಇದನ್ನ ಕುಯ್ದು ಯಾರ್ ಹೊಟ್ಟೆಗೂ ಹಾಕಂಗಿಲ್ಲ. ಸುಮ್ಕೆ ನೋಡ್ಕಂಡ್ ಕೂತ್ಕಳದು" ಎಂದು ಓನರಮ್ಮ ಕಾಫಿ ಲೋಟ ಹಿಡಿದು ಗುಂಡಕ್ಕನ ಎದುರು ಕೂತುಬಿಡುತ್ತಿದ್ದರು. ಅವರ ಬಾಯಿಗೆ ಬಿಡುವು ಸಿಗುತ್ತಿದ್ದದ್ದು ಆಗ ಮಾತ್ರ.

ಒಂದು ಮುಂಗಾರಿನಲ್ಲಿ ಮಗಳ ಬಾಣಂತನಕ್ಕೆಂದು ಅವರು ಮಾಗಡಿಗೆ ಹೋದರು. "ಮಳೆ ಬಂದ್ರೆ ನೀರಾಕ್ಬ್ಯಾಡಿ. ಕುಂಡ ಒಸಿ ತಿರುಗ್ಸಿ, ಅಷ್ಟೇಯ. ಇನ್ನೇನೂ ಮುಟ್ಬ್ಯಾಡಿ" ಎಂದು ಯಜಮಾನರಿಗೆ ಗೇಟಿನ ತನಕ ಹೇಳುತ್ತಲೇ ಹೋದರು.

ಒಂದು ದಿನ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಯಜಮಾನರು ಕುಡುಗೋಲು ಹಿಡಿದು ಗುಂಡಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಒಂದು ಮಗ್ಗುಲು ಪೂರ್ತಿ ಬೋಳು, ಬರೀ ಕಂದು ಕಡ್ಡಿ.

"ಅಯ್ಯೋ ಯಜಮಾನ್ರೇ, ಏನ್ ಮಾಡ್ಬುಟ್ರಿ!"

"ಯಾಕವ್ವ ಹಂಗ್ ಕಿರ್ಚ್ತೀಯಾ? ಕೊಬ್ಬೋಗಿತ್ತು, ಸವರ್ದೆ. ನಮ್ ಕಡ್ಡಿ ತೋಟ ಹಿಂಗೇ ಅಲ್ವಾ ಕುಯ್ಯದು? ಮುಂಗಾರ್ಗೆ ಹೆಂಗ್ ಒಡೀತದೆ ನೋಡ್ತಿರು. ಅವ್ಳು ಬರೋವತ್ಗೆ ದಟ್ಟಗೆ ಚಿಗುರಿರ್ತದೆ. ಖುಸಿ ಪಡ್ತಾಳೆ."

ಹಿಪ್ಪುನೇರಳೆಯನ್ನು ಬುಡಕ್ಕೆ ಕೊಯ್ದಷ್ಟೂ ಎದ್ದು ಬರುತ್ತದೆ. ಅವರು ಬಲ್ಲದ್ದು ಆ ಗಿಡವನ್ನೇ. ಹೆಂಡತಿಗೆ ಸಂತೋಷವಾಗಲಿ ಎಂದು ಹೊರಟಿದ್ದ ಆ ಮುಖಕ್ಕೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನರ್ಧ ಓನರಮ್ಮ ಬಂದ ಮೇಲೆ ನೋಡೋಣ ಎಂದು ಕುಡುಗೋಲು ಕಿತ್ತುಕೊಂಡು ಕೆಳಗೆ ಬಂದೆ.

ಓನರಮ್ಮ ಮಾಗಡಿಯಿಂದ ಬಂದವರು ಬ್ಯಾಗನ್ನೂ ಇಳಿಸದೆ ತಾರಸಿಗೆ ಹತ್ತಿದರು. ಯಜಮಾನರೂ ನಾನೂ ಹಿಂದೆಯೇ ಹೋಗಿ, ಈಗ ಸಿಡಿಲು ಬಡಿಯುತ್ತದೆ ಎಂದು ಕಾದೆವು. ಅವರು ಗುಂಡಕ್ಕನನ್ನು ನೋಡಿದರು, ಕೆಳಗೆ ಬಿದ್ದಿದ್ದ ಒಣಗಿದ ಸೊಪ್ಪನ್ನು ಎತ್ತಿ ಮೂಸಿದರು, ಇಳಿದು ಹೋದರು. ಒಂದು ಮಾತೂ ಆಡಲಿಲ್ಲ.

ಅವತ್ತಿನಿಂದ ಯಜಮಾನರ ಜೊತೆ ಮಾತು ಬಂದ್. ಅವರು ಮಾರು ದೂರದಲ್ಲಿ ಕೂತಿದ್ದರೂ ಓನರಮ್ಮ ನನ್ನನ್ನು ಮಹಡಿಗೆ ಕರೆಸಿ, "ಮುದ್ದೆ ಆರೋಯ್ತದೆ ಅಂತ ಹೇಳವ್ವ ಅವ್ರಿಗೆ" ಎನ್ನುತ್ತಿದ್ದರು. ನಮ್ಮ ಮೇಲೂ ದನಿ ಏರಿಸಲಿಲ್ಲ. ಟ್ಯಾಂಕು ತುಂಬಿ ಸುರಿದರೂ ಕೂಗಿಲ್ಲ. "ಮನೇಲಿ ಕರೆಂಟೇ ಹೋದಂಗೈತೆ ಕಣೇ" ಎಂದ ನನ್ನ ಗಂಡ.

ಯಜಮಾನರು ಮಾತ್ರ ಕುಗ್ಗಿಹೋದರು. ಒಮ್ಮೆ ನಮ್ಮ ಬಾಗಿಲಲ್ಲಿ ಕೂತು ಹೇಳಿದರು: "ಮದ್ವೆ ಆದಾಗ್ನಿಂದ ಬೈಸ್ಕಂಡೇ ಬಂದಿವ್ನಿ. ಈಗ್ಲೂ ಬೈದ್ಬುಟ್ಟಿದ್ರೆ ಸಾಕಾಗಿತ್ತು. ಇನ್ಮೇಲೂ ಹಿಂಗೇ ಇದ್ಬುಟ್ರೆ ನಾನ್ ಹೆಂಗವ್ವ ಬಾಳ್ಲಿ?" ಅವರ ಕಣ್ಣು ತುಂಬಿತ್ತು. ನನಗೂ ಅಳು ಬಂತು.

ತಾರಸಿಯಲ್ಲಿ ಮಾತ್ರ ಬೇರೆಯೇ ಜಗಳ ನಡೆದಿತ್ತು. ಚಿಗುರಲಿ ಎಂದು ಯಜಮಾನರು ಬೆಳಗ್ಗೆ ಬೋಳು ಮಗ್ಗುಲನ್ನು ಬಿಸಿಲಿಗೆ ತಿರುಗಿಸುವುದು, ಕಣ್ಣಿಗೆ ಬೀಳದಿರಲಿ ಎಂದು ಸಂಜೆ ಓನರಮ್ಮ ಅದನ್ನು ಗೋಡೆಗೆ ತಿರುಗಿಸುವುದು. ಮರುದಿನ ಮತ್ತೆ ಅದೇ. ವಾರಕ್ಕೊಮ್ಮೆ ಕಾಲುಭಾಗ ತಿರುಗಬೇಕಿದ್ದ ಗುಂಡಕ್ಕ ದಿನಕ್ಕೆರಡು ಸಲ ಗಿರಕಿ ಹೊಡೆಯುತ್ತಿದ್ದಳು. ಪಾಪ, ತಲೆ ಸುತ್ತಿರಬೇಕು!

ಓನರಮ್ಮ ಮಾಗಡಿಯಿಂದ ಬಂದು ಮೂರ್ನಾಲ್ಕು ವಾರವಾಗಿರಬೇಕು. ನಾನು ಬಟ್ಟೆ ಹಿಂಡುತ್ತಿದ್ದೆ. ಗುಂಡಕ್ಕನ ಬಳಿ ಬಂದ ಓನರಮ್ಮ ಹಾಗೇ ನಿಂತುಬಿಟ್ಟರು. ಬೋಳು ಕಡ್ಡಿಗಳ ನಡುವೆ ಎಳೆಹಸಿರು ಇಣುಕುತ್ತಿತ್ತು.

"ಬಾರವ್ವ ಇಲ್ಲಿ... ಚಿಗುರೈತೆ ಕಣವ್ವ!" ಬಗ್ಗಿ ಕಡ್ಡಿಗಳನ್ನು ಸರಿಸಿದರು. ನಾನೂ ಬಗ್ಗಿದೆ. ಅಗಲವಾದ, ಮಿರಮಿರ ಹೊಳೆಯುವ ಎಲೆ. ಹಿಪ್ಪುನೇರಳೆ! ಬೋಳು ಜಾಗ ಮುಚ್ಚಲೆಂದು ಯಜಮಾನರು ಗುಂಡಕ್ಕನ ಬುಡದಲ್ಲೇ ಒಂದು ಹಿಪ್ಪುನೇರಳೆ ಕಡ್ಡಿ ಚುಚ್ಚಿದ್ದರು. ಕಡ್ಡಿಗಳ ನಡುವೆ ಕಡ್ಡಿ, ಯಾರಿಗೂ ಕಂಡಿರಲಿಲ್ಲ.

ಓನರಮ್ಮ ನೆಟ್ಟಗಾದರು. ಉಸಿರೆಳೆದುಕೊಂಡರು.

"ಏನ್ರೀಈಈ! ಬನ್ರೀ ಮೇಲ್ಕೆ! ನಿಮ್ಗೇನ್ ಬುದ್ಧಿಗಿದ್ಧಿ ಐತಾ? ತಲೆ ಬೋಳ್ಸಿದ್ದು ಸಾಲ್ದು ಅಂತ ನನ್ ಗುಂಡಕ್ಕನ ಮಡ್ಲಿಗೆ ಸೊಪ್ಪಿನ ಕಡ್ಡಿ ನೆಟ್ಟಿದೀರಲ್ಲಾ! ಇಲ್ಲೂ ಹುಳ ಸಾಕ್ಬೇಕಾ ನಾನು? ಬೇರು ಬುಟ್ರೆ ಕುಂಡನೇ ನುಂಗ್ಬುಡ್ತದೆ, ಅಷ್ಟೂ ಗೊತ್ತಿಲ್ವಾ? ಯಾವ್ ಗಳಿಗೇಲಿ ನಿಮ್ಮನ್ನ ಕಟ್ಕಂಡ್ನೋ!"

ಎದುರು ಮನೆಯ ಕಿಟಕಿಗಳು ತೆರೆದವು. ಯಜಮಾನರು ಏದುಸಿರು ಬಿಡುತ್ತ ಬಂದು ತಲೆ ತಗ್ಗಿಸಿ ನಿಂತರು. ಹಳೆಯ ಬಾಕಿಯೆಲ್ಲ ಸೇರಿ ಬೈಗುಳ ಮಳೆಗಿಂತ ಜೋರಾಗಿ ಸುರಿಯಿತು. ಕೊನೆಗೆ ಓನರಮ್ಮನೇ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದರು. ಯಜಮಾನರು ಮೆಟ್ಟಿಲಿಳಿದು ನೇರ ನಮ್ಮ ಮನೆಗೆ ಓಡಿಬಂದು ನನ್ನ ಗಂಡನ ಭುಜ ಹಿಡಿದು ಅಲುಗಿಸಿದರಂತೆ: "ಬೈದ್ಲು ಕಣಪ್ಪಾ! ಬೈದ್ಬುಟ್ಲು!"

ಹಿಪ್ಪುನೇರಳೆ ಬೇರೆ ಬಕೆಟ್ಟಿಗೆ ಹೋಯಿತು. ಗುಂಡಕ್ಕನ ಬೋಳು ಮಗ್ಗುಲು ಬೋಳಾಗಿಯೇ ಉಳಿಯಿತು. ಒಣಕಡ್ಡಿಗಳನ್ನು ನೀಟಾಗಿ ತೆಗೆದು, ಗಾಳಿಗೆ ಒಂದೇ ಕಡೆ ವಾಲಿದ ಮರದ ಹಾಗೆ ಓನರಮ್ಮ ಅದನ್ನು ತಿದ್ದಿದರು. ಚೆನ್ನಾಗಿದೆ ಎಂದವರಿಗೆಲ್ಲ "ನಮ್ ಯಜಮಾನ್ರು ಮಾಡಿರೋ ಡಿಸೈನು" ಎಂದು ಹೇಳುವುದು ರೂಢಿಯಾಯಿತು.

ಅಷ್ಟು ದಿನ ಯಾಕಮ್ಮ ಬಾಯಿ ಮುಚ್ಚಿಕೊಂಡಿದ್ದಿರಿ ಎಂದು ಒಮ್ಮೆ ಕೇಳಿದೆ. ಚಿವುಟುವುದನ್ನು ನಿಲ್ಲಿಸಿ ಹೇಳಿದರು: "ಬೈದ್ರೆ ಮುಗ್ದೋಯ್ತದಲ್ಲ ಮಗಾ. ಮುಗೀಬಾರ್ದು ಅನ್ನಿಸ್ಬುಟ್ಟಿತ್ತು. ಕೆಟ್ಟ ಗಳಿಗೆ ಅದು. ನೀನ್ ಮಾತ್ರ ಹಂಗ್ ಮಾಡ್ಬ್ಯಾಡ." ನಾನು ಊದಿಸಿಕೊಳ್ಳುತ್ತಿದ್ದ ಮುಖ ಎಂಥದೆಂದು ನನಗೆ ಆಗ ತಿಳಿಯಿತು. ಆಮೇಲೆ ನಾವು ಚನ್ನಪಟ್ಟಣಕ್ಕೆ ಬಂದೆವು. ನಮ್ಮ ಪುಟ್ಟ ಬಾಲ್ಕನಿಯಲ್ಲೂ ಈಗ ಜೂನಿಪರ್ ಇದೆ, ಥೂಜಾ ಇದೆ. ಆದರೆ ಆ ತಾಯಿಯಿಂದ ನಾನು ಪಡೆದದ್ದರಲ್ಲಿ ಅವು ಸಣ್ಣವು.

ರಾಮನಗರದಲ್ಲಿ ಓನರಮ್ಮ ಆ ಮಾತು ಹೇಳಿದ ವಾರವೇ ನನ್ನ ಗಂಡ ನನಗೊಂದು ಮಾತೂ ಹೇಳದೆ ಶಿಫ್ಟಿನವರನ್ನೆಲ್ಲ ಭಾನುವಾರದ ಊಟಕ್ಕೆ ಕರೆದಿದ್ದ. ಗೊತ್ತಾದದ್ದು ಭಾನುವಾರ ಬೆಳಗ್ಗೆ. ನನ್ನ ಕೈ ಅಭ್ಯಾಸದಂತೆ ಪಾತ್ರೆಗೆ ಹೋಯಿತು. ಪಾತ್ರೆ ಕೆಳಗಿಟ್ಟೆ. ಜನ್ಮದಲ್ಲಿ ಮೊದಲ ಸಲ, ಹೊಸ್ತಿಲು ದಾಟಿ ಬೀದಿಗೆ ಕೇಳುವಂತೆ ಬಾಯಿ ತೆರೆದೆ. ಅವನು ಬೆಪ್ಪಾಗಿ ನಿಂತ. ಅರ್ಧಕ್ಕೆ ನನಗೇ ಹೆದರಿಕೆಯಾಗಿ ದನಿ ಇಳಿಯಿತು.

ಮೇಲಿನಿಂದ ಓನರಮ್ಮ ಕೂಗಿದರು: "ನಿಲ್ಲಿಸ್ಬ್ಯಾಡ ಮಗಾ! ಇನ್ನೂ ಒಸಿ ಜೋರಾಗಿ!"