ನಾನು ಕಂಪ್ಯೂಟರ್ ಆಗಿದ್ದ ಮಧ್ಯಾಹ್ನಗಳು

ಅಕ್ಕ ಹೆದರಿದಳು ಎಂಬುದು ನಮ್ಮ ಮನೆಯವರೆಲ್ಲ ಒಪ್ಪಿಕೊಂಡಿರುವ ಕತೆ. ಹುಂಚದ ಹುಡುಗಿ, ಪುಸ್ತಕ ಓದಿಯೇ ಕಂಪ್ಯೂಟರ್ ಕಲಿತೆ ಅಂದುಕೊಂಡಿದ್ದವಳು, ಸಾಗರದಲ್ಲಿ ನಿಜವಾದ ಮಷೀನಿನ ಮುಂದೆ ಕೂತ ಕೂಡಲೇ ಕೈ ನಡುಗಿ ಎದ್ದು ಬಂದಳಂತೆ. ದೊಡ್ಡಪ್ಪ ಇದನ್ನು ಮರುಕದಿಂದ ಹೇಳುತ್ತಾರೆ, ನನ್ನ ಅಪ್ಪ ಎಚ್ಚರಿಕೆಯ ಮಾತಾಗಿ ಹೇಳುತ್ತಾರೆ. ಇಬ್ಬರೂ ಅಲ್ಲಿರಲಿಲ್ಲ. ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ನಮ್ಮ ಮೇಷ್ಟ್ರು ಮೊದಲು ಕಲಿಸಿದ್ದೇ ಇದು: ಎದುರಿನವರು ಕಣ್ಣಾರೆ ಕಂಡದ್ದೆಷ್ಟು, ಯಾರೋ ಹೇಳಿದ್ದನ್ನು ತಿರುಗಿ ಹೇಳುತ್ತಿರುವುದೆಷ್ಟು ಎಂದು ಬೇರೆ ಮಾಡು. ಬೇರೆ ಮಾಡಿ ನೋಡಿದರೆ ಈ ಕತೆಯಲ್ಲಿ ಕಂಡದ್ದು ಏನೂ ಉಳಿಯುವುದಿಲ್ಲ. ಅಲ್ಲಿದ್ದವಳು ನಾನು.

ಅಕ್ಕ ಅಂದರೆ ದೊಡ್ಡಪ್ಪನ ಮಗಳು, ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಬಿ.ಎಸ್ಸಿ. ಮುಗಿಸಿ, ಹೊಸನಗರದಲ್ಲಿ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಅದೇ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದಳು. ನಾನು ಪಿ.ಯು.ಸಿ.ಗೆಂದು ಅವರ ಮನೆಯಲ್ಲಿದ್ದೆ. ಬೆಳಿಗ್ಗೆ ಇಬ್ಬರಿಗೂ ಒಂದೇ ಬಸ್ಸು. ಯಾವುದೋ ಮದುವೆಗೆ ತೀರ್ಥಹಳ್ಳಿಗೆ ಹೋದವಳಿಗೆ ಅಲ್ಲಿನ ಅಂಗಡಿಯೊಂದರಲ್ಲಿ, ಪರೀಕ್ಷೆಯ ಗೈಡುಗಳ ನಡುವೆ ಆ ಪುಸ್ತಕ ಸಿಕ್ಕಿತು. ತೆಳ್ಳಗಿನ ಇಂಗ್ಲಿಷ್ ಪುಸ್ತಕ. ರಟ್ಟಿನ ಮೇಲೆ ಕೈಕಾಲು ಮೂಡಿದ ಕಂಪ್ಯೂಟರೊಂದು ನಗುತ್ತಿತ್ತು. ಏನೂ ತಿಳಿಯದವರಿಗಾಗಿ ಬರೆದದ್ದು ಎಂದು ಮೊದಲ ಪುಟದಲ್ಲೇ ಇತ್ತು. ಅದರ ಕೆಳಗೆ ಇನ್ನೊಂದು ಮಾತು: ಮಷೀನು ಇಲ್ಲದಿದ್ದರೂ ಚಿಂತೆಯಿಲ್ಲ, ಹಾಳೆ ಇದ್ದು ಜೊತೆಗೊಬ್ಬರಿದ್ದರೆ ಸಾಕು, ಅವರೇ ಕಂಪ್ಯೂಟರ್ ಆಗಲಿ.

ಇದು ಪುಸ್ತಕ ಮಾರುವವರ ಮಾತು ಎಂದು ನಾನು ವಾದಿಸಿದೆ. ಚಾಪೆಯ ಮೇಲೆ ಮಲಗಿ ಈಜು ಕಲಿತ ಹಾಗಾಗುತ್ತದೆ ಎಂದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, ನನ್ನನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿ, ನೀನೇ ಕಂಪ್ಯೂಟರ್ ಎಂದಳು.

ಭಾನುವಾರ ಮಧ್ಯಾಹ್ನ ಶುರುವಾಗುತ್ತಿತ್ತು. ಅವಳು ಇನ್‌ಸ್ಟಿಟ್ಯೂಟಿನಲ್ಲಿ ಟೈಪು ಮಾಡಿ ತಂದ ಹಾಳೆಯನ್ನು ನನ್ನ ಮುಂದಿಡುವಳು. ಪ್ರತಿ ಸಾಲಿನ ಮೊದಲಿಗೆ ಒಂದು ಅಂಕೆ: ಹತ್ತು, ಇಪ್ಪತ್ತು, ಮೂವತ್ತು. ನಾನು ಒಂದೊಂದೇ ಸಾಲು ಓದಿ, ಬರೆದಷ್ಟನ್ನು ಮಾತ್ರ ಮಾಡಬೇಕು. ಚಿಹ್ನೆ ಬಿಟ್ಟುಹೋಗಿದ್ದರೆ, ಸ್ಪೆಲ್ಲಿಂಗ್ ತಪ್ಪಿದ್ದರೆ ‘ಸಿಂಟ್ಯಾಕ್ಸ್ ಎರರ್’ ಎನ್ನಬೇಕು. ಕಂಪ್ಯೂಟರಿಗೆ ‘ರನ್’ ಎಂದು ಹೇಳಿ ಅಂತ ಪುಸ್ತಕದಲ್ಲಿದ್ದದ್ದನ್ನು ನಂಬಿ ಅಕ್ಕ ಮೊದಮೊದಲು ಬಾಯಲ್ಲೇ ಹೇಳುತ್ತಿದ್ದಳು. ಅದು ಯಾರನ್ನೇ ಓಡಿಸ್ತಾ ಇದ್ದೀಯ ಎಂದು ದೊಡ್ಡಮ್ಮ ಒಳಗಿಂದ ಕೇಳುತ್ತಿದ್ದರು.

ಕಂಪ್ಯೂಟರಾಗಲು ನಾನು ಲಾಯಕ್ಕಿರಲಿಲ್ಲ. ಒಂದು ತಪ್ಪು ಸಿಕ್ಕರೆ ಸಾಕು, ಅದು ಯಾಕೆ ತಪ್ಪು, ಹಾಗೆ ಬರೆದವಳ ಬುದ್ಧಿ ಎಂಥದು ಎಂದು ಭಾಷಣ ಹೊಡೆಯುತ್ತಿದ್ದೆ.

“ಮಷೀನು ವಾದ ಮಾಡಲ್ಲ ಮಾರಾಯ್ತಿ,” ಅಂದಳು ಒಂದು ದಿನ. “ತಪ್ಪಿದ್ರೆ ತಪ್ಪು ಅನ್ನು, ಸುಮ್ನಿರು.”

“ಎಂತಕ್ಕೆ ತಪ್ಪು ಅಂತ ಹೇಳಾದು ಬೇಡ್ವಾ?”

“ಅದಕ್ಕೆ ಗೊತ್ತಿದ್ರೆ ತಾನೇ ಹೇಳಾದು?”

ಆ ವರ್ಷ ನಾನು ಸೋತ ವಾದ ಅದೊಂದೇ.

ಅವಳು ತಿಂಗಳುಗಟ್ಟಲೆ ತಿದ್ದಿ ತಿದ್ದಿ ಬರೆದ ಪ್ರೋಗ್ರಾಮು ಬಸ್ಸಿನದು. ಗಂಟೆ ಎಷ್ಟೆಂದು ಅದು ಕೇಳಬೇಕು, ನಾವು ಹೇಳಬೇಕು, ಹೊಸನಗರಕ್ಕೆ ಮುಂದಿನ ಬಸ್ಸು ಯಾವಾಗ ಎಂದು ಅದು ತಿಳಿಸಬೇಕು. ಕೊನೆಯ ಬಸ್ಸು ದಾಟಿದ್ದರೆ ‘ಹೋಯ್ತು, ನಾಳೆ ಬಾ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರಬೇಕು. ಅದನ್ನು ನನ್ನ ತಲೆಯೊಳಗೆ ಎಷ್ಟು ಸಲ ಓಡಿಸಿದೆನೋ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕಾದ ಜೈನರ ಮನೆ. ದೊಡ್ಡಮ್ಮ ಕರೆಯುವಾಗ ನಾನಿನ್ನೂ ಅರವತ್ತನೇ ಸಾಲಿನಲ್ಲಿರುತ್ತಿದ್ದೆ. ಈಗಲೂ ರಜೆಗೆ ಹೋದರೆ ಆ ಹೊತ್ತಿಗೆ ಊಟಕ್ಕೆ ಕರೆಯುತ್ತಾರೆ. ಹಾಗೆ ಅರ್ಧಕ್ಕೆ ಬಿಟ್ಟು ಏಳಲು ನನಗೀಗ ಯಾವ ಸಾಲೂ ಇರುವುದಿಲ್ಲ.

ಸಾಗರದಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರವೊಂದು ಶುರುವಾಯಿತು. ಹೊಸಬರಿಗೆ ಹೇಳಿಕೊಡಲು ಒಬ್ಬರು ಬೇಕಿದ್ದರು. ತಾವೇ ಬರೆದ ಪ್ರೋಗ್ರಾಮನ್ನು ಅಲ್ಲೇ ಕೂತು ಟೈಪು ಮಾಡಿ ಓಡಿಸಿ ತೋರಿಸಬೇಕು, ಅರ್ಧ ಗಂಟೆಯಲ್ಲಿ. ಕೆಲಸ ಸಿಕ್ಕಿದರೆ ದಿನಾ ಮಷೀನು ಮುಟ್ಟಬಹುದು; ಅಕ್ಕನಿಗೆ ಬೇಕಿದ್ದದ್ದು ಅಷ್ಟೇ. ಹಿಂದಿನ ದಿನ ನಾನು ಹಾಳೆಯನ್ನು ಮೂರು ಸಲ ಓದಿ, ಒಂದು ತಪ್ಪೂ ಇಲ್ಲ ಎಂದು ಕಂಪ್ಯೂಟರಿನ ಅಧಿಕಾರದಿಂದ ಹೇಳಿದೆ.

ಸಾಗರಕ್ಕೆ ಅವಳ ಜೊತೆ ನಾನೂ ಹೋದೆ. ಮಷೀನಿದ್ದ ಕೋಣೆಯ ಬಾಗಿಲು ತೆರೆದಿತ್ತು. ಹೊರಗಿನ ಬೆಂಚಿನಿಂದ ಅವಳ ಬೆನ್ನು, ಮೊಣಕೈ ಕಾಣುತ್ತಿದ್ದವು. ನಡುಕ ಕಾಣಲಿಲ್ಲ. ಇನ್‌ಸ್ಟಿಟ್ಯೂಟಿನಲ್ಲಿ ಹೊಡೆಯುವ ಹಾಗೆಯೇ ತಡೆಯಿಲ್ಲದೆ ಹೊಡೆಯುವಳು, ನಿಲ್ಲುವಳು, ಹಾಳೆ ನೋಡುವಳು, ಮತ್ತೆ ಹೊಡೆಯುವಳು. ಹೊತ್ತು ಮುಗಿದ ಮೇಲೆಯೇ ಎದ್ದದ್ದು. ಅಭ್ಯಾಸ ಸಾಲದು ಎಂದರಂತೆ ಕೇಂದ್ರದವರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು.

“ಮೊದಲನೇ ಸಾಲೇ ತಗೊಳ್ಳಲಿಲ್ಲ ಕಣೇ ಅದು.”

ಮುಂದಿನ ಭಾನುವಾರ ಅವಳು ನನ್ನನ್ನು ಕರೆಯಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಊಟವಾದ ಮೇಲೆ ನಾನು ಜಗಲಿಗೆ ಹೋಗಿ ಗೋಡೆಗೆ ಒರಗಿ ಕೂರುತ್ತಿದ್ದೆ. ಅವಳು ಒಗೆದ ಬಟ್ಟೆ ಮಡಚುತ್ತಾ ಒಳಗೇ ಇರುತ್ತಿದ್ದಳು. ಸಭೆಯ ಮುಂದೆ ಯಾರನ್ನು ಬೇಕಾದರೂ ಪ್ರಶ್ನೆ ಕೇಳುವ ನಾನು ಅವಳನ್ನು ಕೇಳಲಿಲ್ಲ.

ಡಿಗ್ರಿಗೆ ಸಾಗರಕ್ಕೆ ಬಂದವಳು ಅದೇ ಕೇಂದ್ರಕ್ಕೆ ಸೇರಿದೆ. ಅಕ್ಕನ ಹಾಳೆ ನನ್ನ ಹತ್ತಿರವೇ ಉಳಿದಿತ್ತು. ನನಗೆ ಟೈಪಿಂಗ್ ಬಾರದು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಅಷ್ಟೂ ಸಾಲು ಒತ್ತಿದೆ. ಗಂಟೆ ಕೇಳಿತು. ಕೊನೆಯ ಬಸ್ಸು ದಾಟಿದ ಗಂಟೆ ಕೊಟ್ಟೆ. ಹೋಯ್ತು, ನಾಳೆ ಬಾ, ಅಂದಿತು.

ಪ್ರೋಗ್ರಾಮು ಸರಿಯಿತ್ತು. ಹಾಳೆ ಅದೇ, ಮಷೀನು ಅದೇ. ಬೇರೆಯಾಗಿದ್ದದ್ದು ಬೆರಳು ಮಾತ್ರ. ಮುಂದಿನ ಸಲ ಊರಿಗೆ ಹೋಗುವಾಗ ಹೊಸನಗರದಲ್ಲಿ ಇಳಿದು, ಇನ್‌ಸ್ಟಿಟ್ಯೂಟಿನಲ್ಲಿ ಅವಳ ಟೈಪ್‌ರೈಟರನ್ನು ಬಗ್ಗಿ ನೋಡಿದೆ. ಅಂಕೆಗಳು ಎರಡರಿಂದ ಶುರು. ಒಂದಕ್ಕೆ ಕೀ ಇಲ್ಲವೇ ಇಲ್ಲ. ಒಂದು ಬೇಕಾದಾಗ ಇಂಗ್ಲಿಷಿನ ಸಣ್ಣ ‘ಎಲ್’ ಒತ್ತುತ್ತಾರೆ. ಕಾಗದದ ಮೇಲೆ ಎರಡೂ ಒಂದೇ ಕಡ್ಡಿ. ವರ್ಷಗಟ್ಟಲೆ ಹಾಗೆ ಪಳಗಿದ ಬೆರಳು ಸಾಗರದಲ್ಲೂ ಅಲ್ಲಿಗೇ ಹೋಗಿದೆ. ಅವಳು ಹತ್ತು ಎಂದು ಹೊಡೆದದ್ದು ಆ ಮಷೀನಿಗೆ ಹತ್ತಲ್ಲ, ಒಂದು ಅಕ್ಷರ ಮತ್ತು ಸೊನ್ನೆ. ಎರರ್ ಎಂದಿತು, ಯಾಕೆಂದು ಹೇಳಲಿಲ್ಲ. ನಾನೋ, ಪ್ರತಿ ಭಾನುವಾರ ಅದನ್ನು ಹತ್ತು ಎಂದೇ ಓದಿ ಮುಂದೆ ಹೋಗಿದ್ದೆ. ಆ ಪುಸ್ತಕ ಏನೂ ತಿಳಿಯದವರಿಗೆ ಬರೆದದ್ದು. ಅಕ್ಕನಿಗೆ ಟೈಪಿಂಗ್ ತಿಳಿದಿತ್ತು.

ಅವಳು ಯಾರದೋ ಹಾಳೆ ತಿದ್ದುತ್ತಿದ್ದಳು. ಭಾಷಣವಿಲ್ಲದೆ, ಕಂಡಷ್ಟನ್ನು ಹೇಳಿದೆ. ಅವಳು ಖಾಲಿ ಕಾಗದ ಏರಿಸಿ, ಆ ಕೀಯನ್ನು ಒಂದು ಸಲ ಒತ್ತಿ, ಬಿದ್ದ ಗೆರೆಯನ್ನು ನೋಡುತ್ತಾ ಕೂತಳು. ಮನೆಯಲ್ಲಿ ಹೇಳಲಾ ಎಂದೆ. ಬೇಡ ಎಂದು ತಲೆಯಾಡಿಸಿದಳು. ಅಷ್ಟಕ್ಕೆ ಹೊರಟುಬಿಡಬಹುದಿತ್ತು, ಬಸ್ಸಿಗೂ ಹೊತ್ತಾಗಿತ್ತು.

“ಅಕ್ಕಾ, ಆಮೇಲೆ ಭಾನುವಾರ ನೀ ನನ್ನ ಕರೀಲೇ ಇಲ್ಲ. ನಾ ಸರಿಯಾಗಿ ನೋಡ್ಲಿಲ್ಲ ಅಂತ ಅನ್ನಿಸಿತ್ತಾ ನಿಂಗೆ?”