ಕನ್ನಡ ಸಿನಿಮಾ ಒಂದು ಬಿಟ್ಟು

ರೋಷನ್ ಪಕ್ಕದಲ್ಲಿ ಕೂತು ಮಾಧುರಿ ಎರಡು ವರ್ಷದಲ್ಲಿ ಮಲಯಾಳಂ ಸಿನಿಮಾ ನೋಡಿದಳು, ತಮಿಳು ನೋಡಿದಳು, ತೆಲುಗು ನೋಡಿದಳು, ಒಮ್ಮೆ ಫಿಲಿಪೀನ್ಸಿನ ದೆವ್ವದ ಸಿನಿಮಾವನ್ನೂ ನೋಡಿದಳು. ಮಲಯಾಳಂ ಅವಳಿಗೆ ಎಷ್ಟು ರೂಢಿಯಾಯಿತೆಂದರೆ ತೆರೆಯ ಕೆಳಗೆ ಇಂಗ್ಲಿಷ್ ಸಾಲು ಮೂಡುವ ಮೊದಲೇ ನಗು ಬರುತ್ತಿತ್ತು. ಕನ್ನಡ ಸಿನಿಮಾ ಮಾತ್ರ ಇಬ್ಬರೂ ಕೂಡಿ ಒಂದೂ ನೋಡಲಿಲ್ಲ. ಅವಳ ಮನೆಮಾತು ಗದಗಿನ ಕನ್ನಡ. ಅವನ ಮನೆಯಲ್ಲಿ ತುಳುವಾದರೂ ಇವಳೊಂದಿಗೆ ಆಡುತ್ತಿದ್ದುದು ಉಡುಪಿಯ ಕನ್ನಡವೇ.

ಕಾರಣ ತಿಳಿಯಬೇಕಾದರೆ ದುಬೈಯಲ್ಲಿ ಕನ್ನಡ ಸಿನಿಮಾ ಹೇಗೆ ಬರುತ್ತದೆಂದು ತಿಳಿಯಬೇಕು. ಅದು ಬರುವುದು ಒಂದು ವಾರಾಂತ್ಯಕ್ಕೆ, ಬಹಳವಾದರೆ ಎರಡು ಷೋ. ಕನ್ನಡ ಸಂಘದವರು ದೇರಾದ ಒಂದು ಮಾಲ್‌ನಲ್ಲಿ ಇಡೀ ಹಾಲನ್ನೇ ಹಿಡಿದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಟಿಕೆಟ್ ಹಂಚುತ್ತಾರೆ. ಆ ಮಧ್ಯಾಹ್ನ ಅಬುಧಾಬಿ, ಶಾರ್ಜಾ, ಅಜ್ಮಾನ್‌ಗಳ ಕನ್ನಡಿಗರೆಲ್ಲ ಒಂದೇ ಸೂರಿನ ಕೆಳಗೆ ಸೇರುತ್ತಾರೆ. ನಾಯಕನ ಕಟೌಟ್ ಮುಂದೆ ಕೇಕ್ ಕತ್ತರಿಸುತ್ತಾರೆ. ಇಂಟರ್ವಲ್ ಮುಗಿಯುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಸೀಟಿನಲ್ಲಿ ಕೂತು ಮೊಬೈಲ್ ದೀಪ ಎತ್ತಿ ಹಿಡಿಯುತ್ತಾರೆ, ಒಬ್ಬ ತೆರೆಯ ಮುಂದೆ ನಿಂತು ಫೋಟೋ ತೆಗೆಯುತ್ತಾನೆ. ಸಂಜೆಯೊಳಗೆ ಆ ಫೋಟೋ ಊರಿನ ಅಜ್ಜಿಯರ ಮೊಬೈಲಿನಲ್ಲೂ ಇರುತ್ತದೆ. ಯಾರ ಪಕ್ಕ ಯಾರು ಕೂತರು ಎಂದು ಬೆರಳಿನಿಂದ ದೊಡ್ಡದು ಮಾಡಿ ನೋಡುವವರಿದ್ದಾರೆ. ಮದುವೆಯಾಗದ ಹುಡುಗ ಹುಡುಗಿ ಆ ಫೋಟೋದಲ್ಲಿ ಅಕ್ಕಪಕ್ಕ ಕೂತರೆ ನಿಶ್ಚಿತಾರ್ಥದ ಕಾರ್ಡು ಹಂಚಿದಂತೆಯೇ.

ಆದ್ದರಿಂದ ಮಲಯಾಳಂ. ಅಲ್ಲಿ ಇವರನ್ನು ಕೇಳುವವರಿರಲಿಲ್ಲ.

ಇಪ್ಪತ್ತೇಳು ವರ್ಷದ ಮಾಧುರಿ ಬೆಳೆದದ್ದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್ ಹಿಂದಿನ ಹಳೆಯ ಕಟ್ಟಡದಲ್ಲಿ. ತಂದೆ ಶೇಖಪ್ಪ ಎಲೆಕ್ಟ್ರಿಕಲ್ ಇಂಜಿನಿಯರ್. ತಾಯಿ ನೀಲಮ್ಮ ಮನೆ ನೋಡಿಕೊಂಡು, ಕಟ್ಟಡದ ಹೆಂಗಸರಿಗೆಲ್ಲ ರೊಟ್ಟಿ ತಟ್ಟುವುದು ಕಲಿಸಿ, ಯಾರಿಗೂ ಬಂದಿಲ್ಲವೆಂದು ಬೈಯುತ್ತಿದ್ದವಳು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಬಂದ ಮಾಧುರಿಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ ಊಟದ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಡಬ್ಬಿಗೆ ಮುಚ್ಚಳ ಸರಿಯಾಗಿ ಕೂರದಿದ್ದರೆ ಇಡೀ ಲೋಡನ್ನೇ ವಾಪಸು ಕಳಿಸುವ ಅಧಿಕಾರ ಅವಳದು, ಕಳಿಸಿಯೂ ಇದ್ದಳು. ತಂದೆಯ ವಯಸ್ಸಿನ ಮ್ಯಾನೇಜರುಗಳು ಗೊಣಗುತ್ತಲೇ ಅವಳ ಮಾತು ಕೇಳುತ್ತಿದ್ದರು. ಇಂಥವಳು ಸಿನಿಮಾ ಹಾಲಿನೊಳಗೆ ದೀಪ ಆರಿದ ಮೇಲೆ ಹೋಗಿ, ದೀಪ ಹತ್ತುವ ಮೊದಲೇ ಎದ್ದು ಬರುತ್ತಿದ್ದಳು. ಅದನ್ನು ಪ್ರೀತಿ ಎಂದುಕೊಂಡಿದ್ದಳು.

ರೋಷನ್‌ಗೆ ಮೂವತ್ತು ತುಂಬಿತ್ತು. ದೇರಾದ ನೈಫ್ ಪೇಟೆಯಲ್ಲಿ ಅವರ ಮನೆಯವರದು ಬ್ಯಾಗುಗಳ ಸಗಟು ಅಂಗಡಿ. ಇರಾನಿನವರು, ನೈಜೀರಿಯಾದವರು, ಚೀನಾದವರು, ಯಾರು ಬಂದರೂ ಚೌಕಾಸಿಯಲ್ಲಿ ಅವನು ಸೋಲುತ್ತಿರಲಿಲ್ಲ. ತಾಯಿ ಹರಿಣಾಕ್ಷಿಗೆ ಒಂದೇ ಒಂದು ವಾಕ್ಯ ಹೇಳಲು ಮಾತ್ರ ಅವನಿಗೆ ಎರಡು ವರ್ಷದಲ್ಲಿ ಒಳ್ಳೆಯ ಗಳಿಗೆ ಸಿಗಲಿಲ್ಲ. ಮೊದಲು ಅಕ್ಕನ ಹೆರಿಗೆ ಅಡ್ಡ ಬಂತು. ಆಮೇಲೆ ಅಮ್ಮ ಬೇಸಿಗೆಗೆ ಉಡುಪಿಗೆ ಹೋದರು. ಆಮೇಲೆ ರಂಜಾನ್ ವ್ಯಾಪಾರ. ಹರಿಣಾಕ್ಷಿ ಸಂಘದ ಮಹಿಳಾ ವಿಭಾಗದ ಕಾರ್ಯದರ್ಶಿ. ವೇದಿಕೆಯ ಮೇಲೆ ಅವಳು ಆಡುವ ಮಾತು ಕಡೆಯ ಸಾಲಿನವರಿಗೂ ಕೇಳಿಸಲು ಮೈಕು ಬೇಕಿರಲಿಲ್ಲ.

ಎಲ್ಲರೂ ಕಾಯುತ್ತಿದ್ದ ಒಂದು ದೊಡ್ಡ ಕನ್ನಡ ಸಿನಿಮಾ ಬರುತ್ತದೆಂದು ತಿಳಿದಾಗ ಮಾಧುರಿ ಈ ಸಲ ಹೋಗೋಣವೇ ಎಂದು ಕೇಳಿದಳು. ಇಬ್ಬರೂ ಅವನ ಕಾರಿನಲ್ಲಿ ಕೂತು ಕರಕ್ ಚಹಾ ಕುಡಿಯುತ್ತಿದ್ದರು.

"ಹೌಸ್‌ಫುಲ್ ಮಾರಾಯ್ತಿ," ಎಂದ ರೋಷನ್. "ಮತ್ತೆ ನಂಗೆ ಆ ದಿನ ಅಂಗಡಿಯಲ್ಲಿ ಸ್ಟಾಕ್ ತೆಗೆಯುದುಂಟು. ಕಂಟೇನರ್ ಬರ್ತದೆ."

"ನಾನು ಒಬ್ಬಳೇ ಹೋಗಲಾ?"

"ಒಬ್ಬಳೇ ಯಾರಾದ್ರೂ ಹೋಗ್ತಾರಾ ಅಲ್ಲಿಗೆ? ಎಂತ ಹೇಳ್ತಾರೆ ಜನ! ಓಟಿಟಿಗೆ ಬರ್ತದೆ, ಆಗ ನೋಡುವಾ."

ಮರುದಿನ ಅವಳು ಕಾರ್ಖಾನೆಯಲ್ಲಿದ್ದಾಗ ನೀಲಮ್ಮನ ಫೋನು ಬಂತು.

"ಮಾಧೂ, ಐತವಾರ ನಿಮ್ಮಪ್ಪಾರು ಮೂರು ಟಿಕೆಟ್ ಹೇಳ್ಯಾರ ನೋಡು. ಕೆಲಸ ಐತಿ ಗಿಲಸ ಐತಿ ಅಂದಿ, ನನಗ ಸಿಟ್ಟು ಬರ್ತೈತಿ ಮತ್ತ."

"ಹೌಸ್‌ಫುಲ್ ಆಗೈತಂತಲ್ಲಬೇ?"

"ಯಾಂವ ಹೇಳಿದಾ ನಿನಗ? ಅರ್ಧಾ ಖಾಲಿ ಐತಿ, ಮಂದೀನ ಕರಕೊಂಡು ಬರ್ರಿ ಅಂತ ಗ್ರೂಪಿನ್ಯಾಗ ದಿನಾ ಹೊಯ್ಕೊಳ್ಳಾಕ ಹತ್ಯಾರ."

ರೋಷನ್ ಸರಿಯಾಗಿ ವಿಚಾರಿಸಿರಲಿಕ್ಕಿಲ್ಲ ಎಂದು ಮಾಧುರಿ ತನಗೆ ತಾನೇ ಹೇಳಿಕೊಂಡಳು. ಕಾರ್ಖಾನೆಯಲ್ಲಿ ಯಾರಾದರೂ ಇಂಥ ಸಮಜಾಯಿಷಿ ಕೊಟ್ಟಿದ್ದರೆ ಅವಳು ಹುಬ್ಬೇರಿಸಿ ನೋಡುತ್ತಿದ್ದಳು.

ಈ ಷೋಗಳಿಗೆ ಇನ್ನೊಂದು ಉಪಯೋಗವಿದೆ. ಇಲ್ಲಿನ ಫ್ಲ್ಯಾಟುಗಳು ಚಿಕ್ಕವು, ಸಂಸಾರಗಳು ಕೆಲವೇ, ಸುದ್ದಿ ಬೇಗ ಓಡುತ್ತದೆ. ಮನೆಗೆ ಕರೆದು ಹೆಣ್ಣು ತೋರಿಸಿ ಒಪ್ಪಿಗೆಯಾಗದಿದ್ದರೆ ಮುಂದಿನ ಯುಗಾದಿಗೆ ಅದೇ ಜನರ ಎದುರು ಕೂತು ಊಟ ಮಾಡಬೇಕು. ಆದ್ದರಿಂದ ಎರಡು ಕುಟುಂಬದವರು ಒಂದೇ ಸಾಲಿನಲ್ಲಿ ಟಿಕೆಟ್ ತೆಗೆದುಕೊಂಡು ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಕೌಂಟರಿನ ಬಳಿ "ಅಕಸ್ಮಾತ್" ಭೇಟಿಯಾಗುತ್ತಾರೆ. ಒಪ್ಪಿಗೆಯಾದರೆ ಸಂಬಂಧ. ಆಗದಿದ್ದರೆ ಎಲ್ಲರೂ ಸಿನಿಮಾ ನೋಡಲು ಬಂದವರು. ಮರ್ಯಾದೆ ಉಳಿಸಲು ಜಾಣರು ಕಂಡುಹಿಡಿದ ದಾರಿ ಇದು. ಯಾರ ಮರ್ಯಾದೆ ಎಂದು ಕೇಳಬಾರದು.

ಭಾನುವಾರ ಹಾಲಿನಲ್ಲಿ ಕೂತ ಕೂಡಲೇ ನೀಲಮ್ಮ ಮಗಳ ತೋಳು ಚಿವುಟಿದಳು. "ಮೂರನೇ ಸಾಲಿನ್ಯಾಗ ನೋಡು, ಹೆಣ್ಣು ನೋಡಾಕ ಬಂದಾರ."

"ನಿನಗ ಹೆಂಗ ಗೊತ್ತವಾ?"

"ಸಿನಿಮಾ ನೋಡಾಕ ಬಂದಾಕಿ ಅಷ್ಟು ಮಲ್ಲಿಗಿ ಮುಡಕೊಂಡು ಬರ್ತಾಳೇನು? ಆ ಹುಡುಗನ ಅಂಗಿ ಇಸ್ತ್ರಿ ನೋಡು, ಕೈ ಇಟ್ರ ಕೊಯ್ತೈತಿ."

ಹುಡುಗ ಹಿಂದಿನವರಿಗೆ ಏನೋ ಹೇಳಲು ತಿರುಗಿದ. ರೋಷನ್. ತಿಳಿನೀಲಿ ಅಂಗಿ. ಅದನ್ನು ಅವನ ಹುಟ್ಟುಹಬ್ಬಕ್ಕೆ ಆರಿಸಿದವಳು ಮಾಧುರಿಯೇ. ಅವನು ಇವಳನ್ನು ಕಾಣಲಿಲ್ಲ, ದೀಪ ಆರಿತು.

ಮೊದಲರ್ಧದಲ್ಲಿ ಜನ ಶಿಳ್ಳೆ ಹೊಡೆದರು, ಎದ್ದು ಕುಣಿದರು. ಶೇಖಪ್ಪ ಚಪ್ಪಾಳೆ ತಟ್ಟಿದ. ಮಾಧುರಿಗೆ ತೆರೆಯ ಮೇಲೆ ಏನು ನಡೆಯುತ್ತಿದೆಯೆಂದು ತಿಳಿಯಲಿಲ್ಲ. ಅವಳು ಮೂರನೇ ಸಾಲಿನ ತಲೆಯೊಂದನ್ನು ನೋಡುತ್ತ, ಅವನ ಪರವಾಗಿ ಒಂದೊಂದೇ ಸಬೂಬು ಹುಡುಕಿ ಕೈಬಿಡುತ್ತಿದ್ದಳು. ಕಂಟೇನರ್ ಬರಲಿಲ್ಲವೇನೋ. ಅಮ್ಮ ಎಳೆದುಕೊಂಡು ಬಂದರೇನೋ. ಹಾಗಾದರೆ ಒಂದು ಮೆಸೇಜು? ಇಂಟರ್ವಲ್ ಆಯಿತು. ಅವಳು ಏಳುತ್ತಿರಲಿಲ್ಲ, ಆದರೆ ಹುಡುಗಿಯನ್ನು ಹತ್ತಿರದಿಂದ ನೋಡಲೇಬೇಕೆಂದು ನೀಲಮ್ಮ ಕೈಹಿಡಿದು ಎಬ್ಬಿಸಿದಳು. ಸೀಟು ಕಾಯಲು ಶೇಖಪ್ಪನನ್ನು ಕೂಡಿಸಿ ಇಬ್ಬರೂ ಹೊರಗೆ ಬಂದರು.

ಕೌಂಟರಿನ ಬಳಿ ಹರಿಣಾಕ್ಷಿಯೇ ಮೊದಲು ಕಂಡಳು. "ಓ ನೀಲಮ್ಮ! ಸಿನಿಮಾಕ್ಕೆ ಅಬುಧಾಬಿಯಿಂದ ಬಂದದ್ದಾ? ಭಾರೀ ಶೋಕು ನಿಮಗೆ."

"ನಿಮ್ಮ ಹುಡುಗನ್ನ ನೋಡಾಕ ಬಂದ್ವಿ ತಗೋರಿ," ಎಂದು ನೀಲಮ್ಮ ತಮಾಷೆ ಮಾಡಿದಳು.

ಹರಿಣಾಕ್ಷಿ ಕಣ್ಣರಳಿಸಿ ನಕ್ಕು ಪಕ್ಕದಲ್ಲಿದ್ದ ದಂಪತಿಯನ್ನು ತೋರಿಸಿದಳು. "ಇವರು ಕುಂದಾಪುರ ಕಡೆಯವರು, ಶಾರ್ಜಾದಲ್ಲಿರುದು. ಇವಳು ಅಪೇಕ್ಷಾ, ಅವರ ಮಗಳು. ಹೀಗೇ ಸಿಕ್ಕಿದ್ದು, ಸುಮ್ಮನೆ." ಅಪೇಕ್ಷಾ ಎಂಬ ಹುಡುಗಿ ನಾಚೋಸ್ ತಟ್ಟೆ ಹಿಡಿದು ಮೊಬೈಲ್ ನೋಡುತ್ತಿದ್ದಳು. ಅವಳಾಚೆ ರೋಷನ್ ಕೋಲಾ ಲೋಟ ಹಿಡಿದು ನಿಂತಿದ್ದ. ಮಾಧುರಿಯನ್ನು ಕಂಡದ್ದೇ ಅವನ ಮುಖ ಇಳಿಯಿತು.

"ಇವಳು ನಿಮ್ಮ ಮಗಳಲ್ವಾ ನೀಲಮ್ಮ? ರಾಜ್ಯೋತ್ಸವದ ಡ್ಯಾನ್ಸಲ್ಲಿ ಇದ್ದವಳು? ರೋಷನ್, ನಿಂಗೆ ಗುರ್ತ ಉಂಟಲ್ಲ?"

ಅವನು ಇಲ್ಲಿ ಏನು ಹೇಳಿದ್ದರೂ ನಡೆಯುತ್ತಿತ್ತು. ಫ್ರೆಂಡು ಎಂದಿದ್ದರೂ ಅವಳು ಆ ಹೊತ್ತಿಗೆ ನುಂಗಿಕೊಳ್ಳುತ್ತಿದ್ದಳು. ರೋಷನ್ ಲೋಟದೊಳಗಿನ ಐಸ್ ನೋಡುತ್ತ, "ಪ್ರೋಗ್ರಾಮಲ್ಲಿ ನೋಡಿದ ಹಾಗುಂಟು," ಎಂದ.

ಹೊರಗಿನವರೊಂದಿಗೆ ಮಾಧುರಿ ಆಡುವುದು ಪುಸ್ತಕದ ಕನ್ನಡ. ಆ ಹೊತ್ತಿಗೆ ಬಂದದ್ದು ತಾಯಿಯ ಕನ್ನಡ. ದನಿಯೇನೂ ಏರಿರಲಿಲ್ಲ.

"ನೋಡಿದ ಹಂಗ ಅಲ್ರೀ ಆಂಟಿ. ಎರಡು ವರ್ಷ ಆತು, ವಾರಾ ವಾರಾ ನೋಡ್ಯಾನ. ಮದುವಿ ಆಗ್ತೀನಿ ಅಂತ ಹೇಳ್ಯಾನ. ಇವತ್ತ ಅಂಗಡ್ಯಾಗ ಸ್ಟಾಕ್ ತೆಗೀತೀನಿ ಅಂತನೂ ಹೇಳ್ಯಾನ."

ಪಾಪ್‌ಕಾರ್ನ್ ಸಾಲಿನಲ್ಲಿದ್ದವರು ಸಾಲು ಮರೆತರು. ಹರಿಣಾಕ್ಷಿ ಮಗನ ಕಡೆ ತಿರುಗಿದಳು. "ಎಂತದು ರೋಷನ್ ಇದು?"

"ಇಲ್ಲಿ ಬೇಡ ಅಮ್ಮ."

"ಮತ್ತೆಲ್ಲಿ?" ಎಂದಳು ಮಾಧುರಿ. "ಕಾರಿನಾಗೇನು?"

ಅಪೇಕ್ಷಾ ಮೊಬೈಲಿನಿಂದ ತಲೆಯೆತ್ತಿದಳು. "ವೇಟ್. ಮಮ್ಮಿ, ನನ್ನನ್ನ ತೋರ್ಸ್ಲಿಕ್ಕೆ ಕರ್ಕೊಂಡು ಬಂದದ್ದಾ? ಸಿನಿಮಾ ಅಂತ ಹೇಳಿದ್ದಲ್ವಾ ನೀವು? ಆರ್ ಯು ಸೀರಿಯಸ್?" ಎಂದವಳೇ ಮಲ್ಲಿಗೆ ದಂಡೆಯನ್ನು ಕಿತ್ತು ತಾಯಿಯ ಕೈಗೆ ತುರುಕಿ, ನಾಚೋಸ್ ತಟ್ಟೆ ಮಾತ್ರ ಬಿಡದೆ ಒಳಗೆ ಹೋದಳು. ಎರಡು ಮನೆಯ ಹಿರಿಯರು, ಒಬ್ಬ ಮೂವತ್ತರ ಗಂಡಸು ಎಲ್ಲರೂ ಸೇರಿ ಹೂಡಿದ ಆ ನಾಟಕದಲ್ಲಿ ವಿಷಯ ತಿಳಿಯದೆ ನಿಂತಿದ್ದವರು ಹೆಣ್ಣುಮಕ್ಕಳಿಬ್ಬರೇ.

ಹರಿಣಾಕ್ಷಿಗೆ ಸಿಟ್ಟು ಹಾಯಿಸಲು ಒಂದು ಜಾಗ ಬೇಕಿತ್ತು. ಅದು ಮಗನಾಗಲಿಲ್ಲ. "ಪಬ್ಲಿಕ್‌ನಲ್ಲಿ ಹೆಣ್ಣು ಇಷ್ಟು ಬಾಯಿ ಮಾಡುದಾ? ನಿಮ್ಮ ಕಡೆ ಹೀಗೆಯಾ ನೀಲಮ್ಮ?"

ಎರಡು ವರ್ಷ ಎಂಬುದು ನೀಲಮ್ಮನ ಕಿವಿಯಲ್ಲೇ ನಿಂತಿತ್ತು. ಆದರೂ ಹೇಳಿದಳು: "ನಮ್ಮ ಕಡೆ ಬಾಯಿ ಇದ್ದವ್ರು ಮಾತಾಡ್ತಾರ್ರೀ. ನಿಮ್ಮ ಮಗಗ ದೇವರು ಕೊಟ್ಟಿಲ್ಲೇನು?"

ಅಷ್ಟರಲ್ಲಿ ಬಾಗಿಲಿನಿಂದ ಯಾರೋ ಕೂಗಿದರು: "ಯಲ್ಲಾ ಯಲ್ಲಾ, ಎಲ್ರೂ ಒಳಗೆ ಬನ್ನಿ, ಫೋಟೋ!" ಎಲ್ಲರೂ ಹೋಗಿ ಕೂತು ದೀಪ ಎತ್ತಿದರು. ಆ ಫೋಟೋದಲ್ಲಿ ಮೂರನೇ ಸಾಲಿನ ಒಬ್ಬ ಹುಡುಗನ ಮುಖ ಕೈಯ ಹಿಂದಿದೆ. ಹಿಂದಿನ ಸಾಲಿನ ಮಾಧುರಿ ನೇರ ಕ್ಯಾಮೆರಾ ನೋಡುತ್ತಿದ್ದಾಳೆ. ಅವಳ ಪಕ್ಕದಲ್ಲಿ ಶೇಖಪ್ಪ ಒಬ್ಬನೇ ನಗುತ್ತಿದ್ದಾನೆ, ಅವನಿಗಿನ್ನೂ ಯಾರೂ ಏನೂ ಹೇಳಿರಲಿಲ್ಲ.

ಸಿನಿಮಾ ಬಿಟ್ಟ ಮೇಲೆ ಪಾರ್ಕಿಂಗ್‌ನಲ್ಲಿ ರೋಷನ್ ಓಡಿಬಂದ. ನೀಲಮ್ಮ ಶೇಖಪ್ಪ ಇಬ್ಬರೂ ಕಾರಿನ ಬಳಿಗೆ ಹೋಗಿದ್ದರು.

"ಸಾರಿ ಮಾರಾಯ್ತಿ. ಅಮ್ಮನ ಸಮಾಧಾನಕ್ಕೆ ಬಂದದ್ದು ಅಷ್ಟೇ. ಬೇಡ ಅಂತ ಹೇಳ್ಲಿಕ್ಕಿದ್ದೆ ನಾನು."

"ಏನು ಕಾರಣ ಹೇಳ್ತಿದ್ದೆ ಬೇಡ ಅನ್ನೋದಕ್ಕೆ?"

ಅವನು ತಲೆ ಕೆರೆದುಕೊಂಡ. "ಹುಡುಗಿ ಉದ್ದ ಸಾಲುದಿಲ್ಲ ಅಂತ ಎಂತಾದ್ರೂ." ಆಮೇಲೆ ಹಗುರಾದವನಂತೆ ನಕ್ಕ. "ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ನಾನು ಹೇಳ್ಬೇಕಾದ್ದನ್ನು ನೀನೇ ಹೇಳಿದೆ. ಅಮ್ಮ ಎರಡು ದಿನ ಬೊಬ್ಬೆ ಹಾಕ್ತಾರೆ, ಮತ್ತೆ ಸರಿ ಆಗ್ತಾರೆ. ಮುಂದಿನ ಸಿನಿಮಾಕ್ಕೆ ಒಟ್ಟಿಗೇ ಕೂರುವಾ. ಫೋಟೋಕ್ಕೂ."

ಅವಳು ಎರಡು ವರ್ಷ ಬೇಡಿದ್ದು ಇದನ್ನೇ. ಅದನ್ನು ಅವನು ಈಗ ಕೊಡುತ್ತಿದ್ದ, ಅವಳೇ ಹೊತ್ತು ತಂದು ಅವನ ಬಾಗಿಲಲ್ಲಿ ಇಳಿಸಿದ ಮೇಲೆ. ಆ ಕುಳ್ಳಗಿಲ್ಲದ ಹುಡುಗಿಯನ್ನು ಕುಳ್ಳಿ ಎಂದು ತಳ್ಳಿಹಾಕಿಯಾದರೂ ತಾನು ಮಾತ್ರ ನಿಜ ಹೇಳದೆ ಉಳಿಯುತ್ತಿದ್ದ. ಮುಚ್ಚಳ ಕೂರದ ಲೋಡನ್ನು ವಾಪಸು ಕಳಿಸುವಾಗ ಮಾಧುರಿ ಭಾಷಣ ಮಾಡುವವಳಲ್ಲ.

"ಖಲಾಸ್, ರೋಷನ್," ಎಂದಳು.

"ಎಂತ ಖಲಾಸ್? ಈಗಲ್ವಾ ಶುರು ಆಗುದು?"

ಅವಳು ಆಗಲೇ ಕಾರಿನ ಬಾಗಿಲು ತೆರೆದಿದ್ದಳು.

ಕಾರು ಅಬುಧಾಬಿಯ ದಾರಿಯಲ್ಲಿ ಜಬಲ್ ಅಲಿ ದಾಟಿತು. ಆಮೇಲೆ ನೀಲಮ್ಮ ಎಲ್ಲವನ್ನೂ ಗಂಡನಿಗೆ ಹೇಳಿದಳು. ಕೇಳಿ ಶೇಖಪ್ಪ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡ. ನೀಲಮ್ಮ ಹಿಂದಕ್ಕೆ ತಿರುಗಿದಳು.

"ಅಂವ ಅವರವ್ವಗ ಹೇಳಲಿಲ್ಲ ಅಂತ ಮಂದಿ ಮುಂದ ಸಿಟ್ಟು ಮಾಡಿದಿ. ನೀ ನಿಮ್ಮವ್ವಗ ಹೇಳಿದ್ಯೇನು?"

"ಹೇಳಾಕಿದ್ದೆ. ಅಂವ ಈಗ ಬ್ಯಾಡ ಅಂದ."

"ಅಂವ ಅಂದ, ನೀ ಕೇಳಿದಿ!"

ಮಾಧುರಿ ರಸ್ತೆಯ ಪಕ್ಕದ ದೀಪಗಳನ್ನು ನೋಡಿದಳು. ರೋಷನ್ ಮೇಲಿನ ಸಿಟ್ಟಿನಲ್ಲಿ ಅರ್ಧ ಈಗ ತನ್ನ ಮೇಲೇ ತಿರುಗಿತ್ತು, ಅದು ತಿರುಗಬೇಕಾದದ್ದೇ.

ಶೇಖಪ್ಪ ಕನ್ನಡಿಯಲ್ಲಿ ಮಗಳನ್ನು ನೋಡಿ ಕೇಳಿದ: "ಪಿಚ್ಚರ್ ಆದರ ಹೆಂಗನಿಸಿತವಾ?"

"ನೋಡಲಿಲ್ಲಪ್ಪ. ಮುಂದಿನ ವಾರ ಷೋ ಇಲ್ಲ ಅಂತ."

"ನಾನೂ ನೋಡಲಿಲ್ಲ ಬಿಡು," ಎಂದಳು ನೀಲಮ್ಮ. "ಇಂಟರ್ವಲ್ ಆದಮ್ಯಾಲಿಂದ ಹೇಳ್ರಿ."

ಶೇಖಪ್ಪ ಹೇಳತೊಡಗಿದ. ಹೀರೋ ಪಟ್ಟಣದಲ್ಲಿ ಒಬ್ಬಳನ್ನು ಮದುವೆಯಾಗಿ ತಾಯಿಗೆ ತಿಳಿಸದೆ ಇಟ್ಟಿರುತ್ತಾನೆ. ಹೊಡೆದಾಟಗಳನ್ನು ವಿಸ್ತಾರವಾಗಿಯೂ, ಹಾಡುಗಳನ್ನು ಬಿಟ್ಟೂ, ಅವನು ಅಬುಧಾಬಿಯ ಸೇತುವೆ ಬರುವವರೆಗೆ ಹೇಳಿದ.

"ಅಲ್ರೀ, ಕಡೀಕ ಅವರವ್ವಗ ಹೇಳಿದ್ನೋ ಇಲ್ಲೋ?" ನೀಲಮ್ಮ ನಡುವೆ ಕೇಳಿದಳು.

"ಹೇಳಿದಾ. ಕಡೇ ಸೀನಿನ್ಯಾಗ."

"ಆವಾಗ ಹೇಳಿ ಏನು ಮಾಡೂದೈತಿ?" ಎಂದು ಹಿಂದಿನ ಸೀಟಿನಿಂದ ಮಾಧುರಿ ಕೇಳಿದಳು.