ಬಿಡ್ತು ಅನ್ನು

ಅನಘಾ, ನಿನ್ನ ಅವ್ವ ನಿನ್ನ ಬಗ್ಗೆ ಯೋಚನೆ ಮಾಡಿದ್ದಳು. ಮಾಡಿರಲಿಲ್ಲ ಎಂದು ಹೇಳಿದವಳು ನಾನು. ಅದು ಸುಳ್ಳು. ನಿನ್ನ ದೊಡ್ಡವ್ವ, ನಿನ್ನ ಅವ್ವನ ಒಡಹುಟ್ಟಿದ ಅಕ್ಕ, ನೆರೆದ ಬಳಗದ ನಡುವೆ ನಿಂತು ಮೆತ್ತಗಿನ ದನಿಯಲ್ಲಿ ಆಡಿದ ಸುಳ್ಳು.

ಮೆತ್ತಗಿನ ದನಿ — ಆ ದನಿಯೇ ಈಗ ನನಗೆ ಸಾಕುಸಾಕಾಗಿದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರು: ಬಾಗಿಲು ಸದ್ದಾಗದಂತೆ ಮುಚ್ಚಬೇಕು, ಮಾತು ಯಾರಿಗೂ ನೋಯದಂತೆ ಆಡಬೇಕು. ಎರಡನ್ನೂ ಚೆನ್ನಾಗಿ ಕಲಿತೆ. ಎಷ್ಟು ಚೆನ್ನಾಗಿ ಅಂದರೆ, ನಿನ್ನ ಮುಖದ ಮೇಲೆ ಬಾಗಿಲು ಮುಚ್ಚಿದ್ದು ನಿನಗೂ ಕೇಳಿಸಲಿಲ್ಲ.

ನಿನ್ನ ಅಪ್ಪ ತೀರಿಕೊಂಡಾಗ ನೀನು ತೊಟ್ಟಿಲ ಕೂಸು. ನಿನ್ನ ಅವ್ವ, ನನ್ನ ಸುಮಿ, ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದಳು. ಪಾಳಿ ಕೆಲಸ, ದಿನವೂ ಆ ಹೈವೇ, ಆ ಲಾರಿಗಳು. ಅವಳು ಹೆದರುವ ಹೆಣ್ಣಲ್ಲ, ಮುಂದಾಲೋಚನೆಯ ಹೆಣ್ಣು. "ಅಕ್ಕಾ, ನಾಳೆ ನನಗೇನರ ಆದ್ರ—" ಎಂದು ಶುರು ಮಾಡುವಳು. ಮಾತು ಮುಗಿಯುವ ಮೊದಲೇ ನಾನು, "ಬಿಡ್ತು ಅನ್ನು" ಎನ್ನುತ್ತಿದ್ದೆ.

ನಮ್ಮಲ್ಲಿ ಎಲ್ಲರೂ ಅನ್ನುವುದೇ. ಅಶುಭ ಬಾಯಿಗೆ ಬಂದರೆ ಬೆನ್ನಿಗೇ "ಬಿಡ್ತು" ಅಂದುಬಿಟ್ಟರೆ ಅದು ತಟ್ಟುವುದಿಲ್ಲವಂತೆ. ನಮ್ಮವ್ವ ನಮ್ಮಿಂದ ಅನ್ನಿಸುತ್ತಿದ್ದಳು, ನಾನು ಸುಮಿಯಿಂದ ಅನ್ನಿಸಿದೆ. ಕೇಳಿದವರು ಅಂದುಕೊಂಡಿರಬೇಕು, ತಂಗಿಯ ಮೇಲೆ ಇವಳಿಗೆ ಎಷ್ಟು ಜೀವ ಅಂತ.

ನಿನಗೆ ಆಗ ಏಳು ವರ್ಷವಿರಬೇಕು. ಬೇಗಂ ಬಜಾರಿಗೆ ಸ್ಟೀಲಿನ ಡಬ್ಬಿ ಕೊಳ್ಳಲು ನಾನೂ ಸುಮಿಯೂ ಹೋಗಿದ್ದೆವು. ಅಂಗಡಿಯವನು ಒಂದರೊಳಗೊಂದು ಕೂರುವ ಡಬ್ಬಿಗಳನ್ನು ನಮ್ಮ ಮುಂದೆ ಸಾಲಾಗಿ ಇಟ್ಟಿದ್ದ. ಸುಮಿ ಒಂದರ ಮುಚ್ಚಳ ತೆಗೆಯುತ್ತ, ಹಾಕುತ್ತ ಹೇಳಿದಳು: "ವಕೀಲರ ಕಡೆ ಹೋಗಿದ್ದೆ. ವಿಲ್ ಬರಸಾಕ. ನಾ ಇಲ್ಲಂದ್ರ ಅನಘಾಗ ಗಾರ್ಡಿಯನ್ ಯಾರು ಅಂತ ಹೆಸರು ಹಾಕಬೇಕಂತ. ಮೊದಲ ಅವರ ಒಪ್ಪಿಗಿ ಕೇಳ್ರಿ, ಆಮ್ಯಾಲೆ ಬರೀತೀನಿ ಅಂದ್ರು. ನಿನ್ನ ಹೆಸರು ಹಾಕಸ್ಲೇನು?"

"ಬಿಡ್ತು ಅನ್ನು."

"ಅಕ್ಕಾ, ನಾ ಕೇಳಿದ್ದೇನು, ನೀ ಹೇಳೋದೇನು?"

"ಮೊದಲ ಬಿಡ್ತು ಅನ್ನು. ಹಾಡಹಗಲ ಇಂಥಾ ಮಾತು ಆಡಬಾರದು."

"ಬಿಡ್ತು. ಆತಿಲ್ಲೋ? ಈಗ ಹೇಳು."

"ಮುಚ್ಚಳ ಭಾಳ ಬಿಗಿ ಅದಾವಲ್ಲ, ನೋಡು" ಎಂದೆ ನಾನು.

ಅಂಗಡಿಯವನಿಗೆ ನಮ್ಮ ಕನ್ನಡ ತಿಳಿಯದು. ಕಾದು ಕಾದು ಬೇಸತ್ತಿದ್ದ. "ಅಮ್ಮಾ, ಹೋನಾ ಯಾ ನಕ್ಕೋ? ಬೋಲ್ ದೇವ್ ನಾ" ಎಂದ. ಬೇಕೋ ಬೇಡವೋ, ಹೇಳಿಬಿಡಿ ಅಂತ. ಸುಮಿ ನಕ್ಕುಬಿಟ್ಟಳು. "ಕೇಳು, ಅವನೂ ಅದನ್ನ ಕೇಳಾಕತ್ತಾನ. ನಕ್ಕೋ ಅಂದ್ರ ನಕ್ಕೋ ಅನ್ನವಾ, ನಾ ಸಿಟ್ಟಾಗಂಗಿಲ್ಲ. ಬ್ಯಾರೆ ಯಾರನ್ನರ ಕೇಳತೀನಿ."

ನೋಡು, ಬಾಗಿಲನ್ನು ಅವಳೇ ತೆರೆದಿಟ್ಟಿದ್ದಳು. ಒಲ್ಲೆ ಎಂದಿದ್ದರೆ ಅವಳು ಬೇರೆ ದಾರಿ ಹುಡುಕುತ್ತಿದ್ದಳು, ಅವಳ ಗೆಳತಿಯರಿದ್ದರು. ಹೂಂ ಎಂದಿದ್ದರೆ— ನಾನು ಎರಡನ್ನೂ ಅನ್ನಲಿಲ್ಲ. ಡಬ್ಬಿಗಳನ್ನು ಕೊಂಡು ಆಟೋ ಹತ್ತಿದೆವು. ಆಮೇಲೆಯೂ ಕೇಳಿದಳು, ಫೋನಿನಲ್ಲಿ, ಹಬ್ಬದ ಅಡುಗೆಯ ನಡುವೆ. ಪ್ರತಿ ಸಲವೂ ಬಿಡ್ತು ಅನ್ನು. ನನ್ನ ಒಂದು ಮಾತಿಗಾಗಿ ಆ ವಿಲ್ ಹಾಗೆಯೇ ನಿಂತಿತು.

ಯಾಕೆ ಒಲ್ಲೆ ಅಂತ ಇತ್ತು ಮನಸ್ಸಿನಲ್ಲಿ? ದೊಡ್ಡ ಕಾರಣ ಇದ್ದಿದ್ದರೆ ಇಷ್ಟು ಹೊತ್ತಿಗೆ ಹೇಳಿ ಹಗುರಾಗುತ್ತಿದ್ದೆ. ನೀನು ಉಂಡು ಎದ್ದು ಕೈಯನ್ನು ನನ್ನ ಅಡುಗೆಮನೆಯ ಪರದೆಗೆ ಒರೆಸುತ್ತಿದ್ದೆ. ತಿಳಿಹಳದಿ ಪರದೆ, ಅಂಚಿನಲ್ಲಿ ನಿನ್ನ ಬೆರಳಿನ ಸಾರಿನ ಗುರುತು. ರಜೆಗೆ ನೀನು ಬಂದಾಗಲೆಲ್ಲ ಎಣಿಸದೆ ಒಗೆದೆ, ಬೈಯಲೂ ಇಲ್ಲ. ಒಗೆಯುವಾಗ ಮಾತ್ರ ಅನಿಸುತ್ತಿತ್ತು — ಇದು ದಿನಾ ಆದರೆ? ಅಷ್ಟೇ, ಅನಘಾ. ನನ್ನ ಮನೆ ನನಗೆ ಬೇಕಾದ ಹಾಗೆ ಇತ್ತು. ಒಂದು ಪರದೆಯ ಮುಂದೆ ನಿನ್ನನ್ನು ತೂಗಿದೆ. ಬರೆಯುವಾಗ ಕೈಗೆ ಹೇಸಿಕೆಯಾಗುತ್ತದೆ.

ಒಂದು ಮಧ್ಯಾಹ್ನ ಕೆಲಸ ಮುಗಿಸಿ ಬರುವ ದಾರಿಯಲ್ಲಿ ಸುಮಿ ಹೋದಳು. ಬಿಡ್ತು ಅಂದದ್ದು ಯಾವುದಕ್ಕೂ ಆಗಲಿಲ್ಲ.

ದಿನಕರ್ಮ ಮುಗಿದ ಮೇಲೆ ಬಳಗದವರು ನಮ್ಮ ಹಾಲಿನಲ್ಲಿ ಕೂತಿದ್ದರು. ನಿನ್ನ ಸೊಲ್ಲಾಪುರದ ಕಾಕಾ — ನಿನ್ನಪ್ಪನ ತಮ್ಮ — ಕೆಟ್ಟವರಲ್ಲ, ಅವರೇ ವಿಷಯ ಎತ್ತಿದರು. "ಸುಮಿ ವೈನೀ ನಿಮ್ಮ ಮುಂದ ಏನರ ಹೇಳಿದ್ರೇನ್ರಿ, ಕೂಸಿನ ಬಗ್ಗೆ?"

"ಇಲ್ರಿ. ಅಕಿ ಅದರ ಬಗ್ಗೆ ಯೋಚನೀನ ಮಾಡಿರಲಿಲ್ಲ" ಎಂದೆ.

ಅಡುಗೆಮನೆಯ ಪರದೆ ಅಲುಗಿತು. ಅದರ ಕೆಳಗೆ ನಿನ್ನ ಪಾದಗಳು ಕಂಡವು. ಎಡಗಾಲಿನ ಕಿರುಬೆರಳಿಗೆ ಯಾರೋ ಮೆಹಂದಿ ಹಚ್ಚಿದ್ದರು, ಅರ್ಧ ಮಾಸಿತ್ತು. ನೀನು ಕೇಳಿಸಿಕೊಂಡೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಹೋಗಿ ಚಹಕ್ಕೆ ನೀರಿಟ್ಟೆ.

ಕಾಕಾನ ಮನೆ, ಆಮೇಲೆ ಅಜ್ಜಿಯ ಮನೆ, ಅಜ್ಜಿ ಹಾಸಿಗೆ ಹಿಡಿದ ಮೇಲೆ ಹಾಸ್ಟೆಲು. ರಜೆಗೆ ಯಾರ ಮನೆ ಎಂದು ಪ್ರತಿ ಸಲ ಫೋನುಗಳು ಓಡಾಡುತ್ತಿದ್ದವು. "ನಾಕು ದಿನ ಬರಲಿ ತಗೋರಿ" ಎಂದು ನಾನೂ ಮೆತ್ತಗೆ ಅನ್ನುತ್ತಿದ್ದೆ. ನಾಕು ದಿನ!

ಈಗ ನೀನು ನರ್ಸಿಂಗ್ ಓದಲು ಇದೇ ಊರಿಗೆ ಬಂದಿದ್ದೀಯ. ಹೋದ ಭಾನುವಾರ ಊಟ ಮುಗಿಸಿ, ಯಾವ ಕಹಿಯೂ ಇಲ್ಲದೆ, ನಗುತ್ತಲೇ ಅಂದೆ: "ನಮ್ಮವ್ವಗ ಎಲ್ಲಾದಕ್ಕೂ ಪುರಸೊತ್ತು ಇತ್ತು ದೊಡ್ಡವ್ವಾ, ನನ್ನ ಬಗ್ಗೆ ಯೋಚನೆ ಮಾಡಾಕಷ್ಟ ಇರಲಿಲ್ಲ. ನಾ ಏನರ ಹಡದ್ರ ಹಂಗ ಮಾಡಂಗಿಲ್ಲ. ಸಾಯೂದ್ರಾಗ ಎಲ್ಲಾ ಬರದಿಟ್ಟು ಸಾಯ್ತೀನಿ."

ನಾನೇನು ಅಂದೆ ಗೊತ್ತಲ್ಲ?

"ಬಿಡ್ತು ಅನ್ನು."

ಬಾಯಿ ತಾನಾಗಿ ಅಂದಿತು. ಇಷ್ಟಾದ ಮೇಲೂ! ಈ ಬಾಯಿಯನ್ನು ಏನು ಮಾಡಲಿ? ನೀನು ಒಳ್ಳೆಯ ಹುಡುಗಿ, "ಬಿಡ್ತು" ಅಂದೆ. ನೀನು ಪರದೆಯ ಪಕ್ಕದಲ್ಲೇ ನಿಂತಿದ್ದೆ. ಚೀಲದಿಂದ ನಿನ್ನ ಕರವಸ್ತ್ರ ತೆಗೆದು ಕೈ ಒರೆಸಿಕೊಂಡು, ನಾಲ್ಕು ಮಡಿಕೆ ಮಾಡಿ ಒಳಗಿಟ್ಟೆ. ಎಲ್ಲಿ ಕಲಿತೆ ಅದನ್ನು, ಯಾರ ಮನೆಯಲ್ಲಿ, ಯಾರು ಬೈದು— ನಾನು ಕೇಳಲಿಲ್ಲ.

ಇದನ್ನೆಲ್ಲ ಬರೆದು ನಿನ್ನ ಕೈಗಿಟ್ಟು ಒಳಗೆ ಹೋಗಿ ಚಹಕ್ಕೆ ನೀರಿಡುವ ಜಾಣತನ ನನಗೆ ಚೆನ್ನಾಗಿ ಬರುತ್ತದೆ. ಈ ಸಲ ಹಾಗೆ ಮಾಡುವುದಿಲ್ಲ. ಬರುವ ಭಾನುವಾರ ನಿನ್ನ ಎದುರು ಕೂತು ಬಾಯಿಬಿಟ್ಟು ಹೇಳುತ್ತೇನೆ: ನಿನ್ನ ಅವ್ವ ಕೇಳಿದ್ದಳು, ನನ್ನನ್ನೇ ಕೇಳಿದ್ದಳು, ಮತ್ತೆ ಮತ್ತೆ ಕೇಳಿದ್ದಳು. ಸೊಲ್ಲಾಪುರಕ್ಕೂ ನಾನೇ ಫೋನು ಮಾಡಿ ಹೇಳುತ್ತೇನೆ. ಆಮೇಲೆ ನೀನು ನನಗೆ ಏನು ಬೇಕಾದರೂ ಅನ್ನು. ಶಾಪವನ್ನೇ ಹಾಕು.

ಬಿಡ್ತು ಅನ್ನು ಅಂತ ನಾನು ಹೇಳುವುದಿಲ್ಲ.